ಒಂದೇ ಬೀಮಿನಲ್ಲಿ ಎರಡು ದಾರಿ

ಮನುಷ್ಯಕುಲ ಇಷ್ಟು ಮುಂದೆ ಬಂದದ್ದು ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳುವ ಗುಣದಿಂದ. ಕಟ್ಟಡದ ಕಂಟ್ರಾಕ್ಟರುಗಳನ್ನು ಮಾತ್ರ ಇದರಿಂದ ಹೊರಗಿಡಬೇಕು. ನಾನೂ ಅವರಲ್ಲೊಬ್ಬ. ನಮ್ಮಲ್ಲಿ ಇನ್ನೊಬ್ಬರ ನಕ್ಷೆ ಕೇಳುವುದೆಂದರೆ ಹೆಣ್ಣು ಕೇಳಿದಂತೆ. ಮನೆಯವರೆಲ್ಲ ಕೂತು ಯೋಚಿಸಿ ಆಮೇಲೆ ಹೇಳಿ ಕಳಿಸುತ್ತಾರೆ.

ದೊಡ್ಡಬಳ್ಳಾಪುರದಲ್ಲಿ ನೇಕಾರರ ಮನೆಯ ಒಬ್ಬ ಅಮ್ಮನಿಗೆ ಕಟ್ಟಡ ಕಟ್ಟುತ್ತಿದ್ದೆವು. ಕೆಳಗೆ ಪವರ್‌ಲೂಮು, ಮೇಲೆ ಮನೆ. ಅವರ ಮಗ್ಗಗಳಿದ್ದ ಬಾಡಿಗೆ ಶೆಡ್ಡನ್ನು ಮಾಲೀಕ ಮಾರಿಬಿಟ್ಟಿದ್ದ. ಯುಗಾದಿಯೊಳಗೆ ಖಾಲಿ ಮಾಡಬೇಕು. ನಾವು ತಡಮಾಡಿದರೆ ಮಗ್ಗಗಳು ಬೀದಿಗೆ.

ನಕ್ಷೆ ಮಾಡಿದ ಬೆಂಗಳೂರಿನ ಆರ್ಕಿಟೆಕ್ಟ್ ಹೆಣ್ಣುಮಗಳು ಹೊಸ ಕಟ್ಟಳೆ ತಂದಿದ್ದಳು. ಇಡೀ ಕಟ್ಟಡ ಕಂಪ್ಯೂಟರಿನಲ್ಲಿ ಒಂದೇ ಮಾದರಿಯಾಗಿ ನಿಂತಿರಬೇಕು. ಗೋಡೆ ನನ್ನದು, ಪೈಪು ಪ್ಲಂಬಿಂಗಿನವರದು, ವೈರು ಎಲೆಕ್ಟ್ರಿಕಲ್‌ನವರದು, ಎಲ್ಲವೂ ಅದರೊಳಗೆ. ಮೋಲ್ಡ್, ಅಂದರೆ ತಾರಸಿ-ಬೀಮಿನ ಕಾಂಕ್ರೀಟು, ಹಾಕುವ ವಾರ ಆ ಮಾದರಿ ಕೆಂಪಾಗಿ ತೋರಿಸಿತು: ಮೇಲಿನ ಬಚ್ಚಲಿನ ಪೈಪೂ ಮಗ್ಗದ ವೈರೂ ಒಂದೇ ಬೀಮನ್ನು ಒಂದೇ ಕಡೆ ತೂರುತ್ತಿವೆ. ಕಾಂಕ್ರೀಟಿಗೆ ಮುಂಚೆ ಬೇರೆ ಬೇರೆ ದಾರಿ ಬಿಡದಿದ್ದರೆ ಆಮೇಲೆ ಬೀಮನ್ನೇ ಒಡೆಯಬೇಕು.

ಪ್ಲಂಬಿಂಗಿನ ಸಾಹೇಬರೂ ನೆಲಮಂಗಲದ ಎಲೆಕ್ಟ್ರಿಕಲ್‌ನವನೂ ಹಿಂದೊಂದು ಸೈಟಿನಲ್ಲಿ ಜಗಳವಾಡಿ ಮಾತು ಬಿಟ್ಟವರು. ಈ ಸಲ ಸಣ್ಣತನ ತೋರಬಾರದೆಂದು ಇಬ್ಬರೂ ಉದಾರಿಗಳಾದರು. ತಮ್ಮ ತಮ್ಮ ಆಫೀಸಿನಲ್ಲಿ ಕೂತು, ಯಾರಿಗೂ ಹೇಳದೆ, ಇಬ್ಬರೂ ಮಾದರಿಯಲ್ಲಿ ಎಡಕ್ಕೆ ಒಂದೇ ಅಳತೆ ಸರಿದರು. ಮತ್ತೆ ಕೆಂಪು. ಮನನೊಂದು ಇಬ್ಬರೂ ಮೊದಲಿನ ಜಾಗಕ್ಕೇ ವಾಪಸು ಬಂದರು. ಮತ್ತೆ ಕೆಂಪು.

ಅಮ್ಮ ಇಬ್ಬರನ್ನೂ ಮಗ್ಗದ ಶೆಡ್ಡಿಗೆ ಕರೆಸಿದರು. ನಾನು ಲ್ಯಾಪ್‌ಟಾಪ್ ಹಿಡಿದು ನಿಂತೆ. ಸದ್ದಿನಲ್ಲಿ ಏನೂ ಕೇಳದು. ಅಮ್ಮ ಮಗ್ಗಗಳನ್ನು ನಿಲ್ಲಿಸಿದರು. ಆ ಮನೆಯಲ್ಲಿ ಹಬ್ಬಕ್ಕೆ ಬಿಟ್ಟರೆ ಯಾರಿಗೂ ಆ ಗೌರವ ಸಿಕ್ಕಿದ್ದಿಲ್ಲ.

"ಭಾಯ್, ನಿಮಗೋಸ್ಕರಾನೇ ಸರಿದಿದ್ದು ನಾನು!" ಎಂದ ಎಲೆಕ್ಟ್ರಿಕಲ್‌ನವನು.

"ಅರೇ, ನಾನೇನ್ ನನ್ ಮಾವನಿಗೋಸ್ಕರ ಸರಿದ್ನಾ ಗುರು?" ಎಂದರು ಸಾಹೇಬರು.

"ಬಸ್ಸಲ್ಲಿ ಸೀಟು ಬಿಟ್ಕೊಡ್ತೀನಿ ಅಂತ ಇಬ್ರೂ ಎದ್ದು, ಇಬ್ರೂ ಕೂತ್ಕೊಂಡಂಗಾಯ್ತು ನಿಮ್ ಕಥೆ," ಎಂದರು ಅಮ್ಮ. "ಒಬ್ರು ಸರೀರಪ್ಪಾ, ಒಬ್ರು ಕೂತ್ಕೊಳ್ಳಿ. ನನ್ ಮಗ್ಗ ಎಲ್ಲಿಡ್ಲಿ?"

"ನಾನೇ ಸರೀತೀನಿ ಬಿಡಿ," ಎಂದ ಎಲೆಕ್ಟ್ರಿಕಲ್‌ನವನು. "ಬಚ್ಚಲ ನೀರು ಮೇಲಕ್ಕೆ ಹತ್ತಲ್ಲ, ಕರೆಂಟು ಎಲ್ಲಿ ಬೇಕಾದ್ರೂ ಹತ್ತುತ್ತೆ."

ಸಾಹೇಬರು ಅಲುಗಾಡದೆ ಕೂತರು. ಇದೂ ಒಂದು ತ್ಯಾಗವೇ. ಅವನು ನನ್ನ ಲ್ಯಾಪ್‌ಟಾಪಿನಲ್ಲೇ ವೈರನ್ನು ಬಲಕ್ಕೆ ಎಳೆದ. ಕೆಂಪು ಹೋಯಿತು. ಚಹಾ ಬರುವಷ್ಟರಲ್ಲಿ ಸಾಹೇಬರು ತಾವಾಗಿಯೇ ಅಡುಗೆಮನೆಯ ಪೈಪುಗಳ ನಕ್ಷೆಯನ್ನೂ ತೆರೆದು, "ಇದೂ ನೋಡ್ಬಿಡು ಗುರು, ಎಲ್ಲಾದ್ರೂ ಅಡ್ಡ ಬಂದಿದ್ರೆ ಈಗ್ಲೇ ಹೇಳು" ಎಂದರು. ಕಂಟ್ರಾಕ್ಟರೊಬ್ಬ ಕೇಳದೆಯೇ ನಕ್ಷೆ ತೋರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನ ಮೋಲ್ಡ್ ಹಾಕಿದೆವು. ಬೀಮು ಒಡೆಯಬೇಕಾಗಲಿಲ್ಲ. ಯುಗಾದಿಗೆ ಮುಂಚೆ ಮಗ್ಗಗಳು ಹೊಸ ಕಟ್ಟಡಕ್ಕೆ ಬಂದವು.