ಬೈರಮ್ಮ ತೂಗುವ ಕೂಸುಗಳು

ಜರಗನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚನ್ನಬಸವಯ್ಯನವರ ಬೆಲ್ಲದ ಅಂಗಡಿಯ ಜಗಲಿಯಲ್ಲಿ ಸೂಲಗಿತ್ತಿ ಬೈರಮ್ಮ ತಕ್ಕಡಿಯ ತಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸುತ್ತಾರೆ. ಹಳೆಯ ಸೀರೆಯ ತುಂಡನ್ನು ಮಡಚಿ ಹಾಸುತ್ತಾರೆ. ಎದುರು ತಟ್ಟೆಗೂ ಅಷ್ಟೇ ಬಟ್ಟೆ. ಆಮೇಲೆ ಕೂಸನ್ನು ಮಲಗಿಸುತ್ತಾರೆ.

ಅರವತ್ತು ದಾಟಿದ ಬೈರಮ್ಮ ಮುನ್ನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆ. ಎಳೆಯ ಕೂಸುಗಳನ್ನು ವಾರಕ್ಕೊಮ್ಮೆ ತೂಗುವ ಪದ್ಧತಿ ಅವರದೇ. ಕಾರಣ ಕೇಳಿದರೆ ತಟ್ಟೆಯ ಬಟ್ಟೆ ಸರಿಪಡಿಸುತ್ತಾ ಹೇಳುತ್ತಾರೆ: "ನನ್ ಮೊದಲ್ನೇ ಮಗ ಇಪ್ಪತ್ತು ದಿನ ಇದ್ದ. ಸೊರಗ್ತಾ ಇದ್ದದ್ದು ನಂಗೆ ಗೊತ್ತೇ ಆಗ್ಲಿಲ್ಲ. ದಿನಾ ನೋಡೋ ಕಣ್ಣಿಗೆ ಕಾಣಲ್ಲ ಸ್ವಾಮಿ, ತಕ್ಕಡಿಗೆ ಕಾಣ್ತದೆ."

ಈ ಸೀಮೆಯಲ್ಲಿ ರಾಗಿ ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ. ತೂಗುವ ಸೇರಿಗೆ ಇಪ್ಪತ್ತನಾಲ್ಕು ತೊಲ. ಬೆಲ್ಲ, ಹುಣಸೆಹಣ್ಣು, ಬೈರಮ್ಮನ ಕೂಸುಗಳು, ಎಲ್ಲಕ್ಕೂ ಅದೇ ಲೆಕ್ಕ. ಓದು ಬಾರದ ಅವರು ಸೇರಿನ ಕಲ್ಲುಗಳನ್ನು ಮುಟ್ಟಿಯೇ ಗುರುತಿಸುತ್ತಾರೆ.

ಈ ವರ್ಷ, ೧೯೬೨ರಲ್ಲಿ, ಅಂಗಡಿಗೆ ಸೇರಿನ ಬದಲು ಕಿಲೋ ಬಂದಿದೆ; ಒಂದು ಕಿಲೋ ಎಂದರೆ ಮೂರೂವರೆ ಸೇರಿಗೂ ತುಸು ಹೆಚ್ಚು. ಕಳೆದ ತಿಂಗಳು ಜಯನಗರದ ಹೊಸ ಬಡಾವಣೆಯಿಂದ ಜಯದೇವಿ ಎಂಬ ತಾಯಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳನ್ನು ತಂದಿದ್ದರು. ಹಿಂದಿನ ವಾರ ಹಳೆಯ ಕಲ್ಲಿನಲ್ಲಿ ಕೂಸು ಆರು ಸೇರು ತೂಗಿತ್ತು. ಅಂದು ಚನ್ನಬಸವಯ್ಯ ಕಿಲೋ ಲೆಕ್ಕದ ಹೊಸ ತೂಕದ ಬಟ್ಟು ಇಟ್ಟು ಅಂಕಿ ಓದಿದರು: ಒಂದು ಕಿಲೋ, ಒಂಬೈನೂರು ಗ್ರಾಂ.

ಆರು ಇದ್ದದ್ದು ಒಂದಾಯಿತೆಂದುಕೊಂಡ ಜಯದೇವಿ ಕೂಸನ್ನು ಎತ್ತಿ ಎದೆಗವಚಿಕೊಂಡು ಅಳತೊಡಗಿದರು. ಹಾಲು ಸಾಲುತ್ತಿಲ್ಲವೆಂದು ಅತ್ತೆ ಮೊದಲೇ ಆಡಿಕೊಳ್ಳುತ್ತಿದ್ದರಂತೆ.

ಬೈರಮ್ಮ ವಾದಿಸಲಿಲ್ಲ. ಸರ್ಕಾರಕ್ಕೆ ಒಪ್ಪಿಸಲೆಂದು ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಕಲ್ಲುಗಳ ಗಂಟನ್ನು ಬಿಚ್ಚಿದರು. ಕೂಸನ್ನು ಇಸಿದುಕೊಂಡು ಮತ್ತೆ ತೂಗಿದರು. ಆರು ಸೇರು ಇಟ್ಟರೂ ಕೂಸಿನ ತಟ್ಟೆ ಮೇಲೇಳಲಿಲ್ಲ. ಅರ್ಧ ಸೇರು ಹಾಕಿದರು, ಕಾಲು ಸೇರೂ ಹಾಕಿದರು. ಆಗ ಮುಳ್ಳು ನೇರಕ್ಕೆ ನಿಂತಿತು.

"ಮುಕ್ಕಾಲು ಸೇರು ಜಾಸ್ತಿ ಆಗವಳೆ ಕಣವ್ವ. ನಿನ್ ಹಾಲೇ ಅದು," ಎಂದರು.

ಜಯದೇವಿ ಆಮೇಲೂ ಅತ್ತರು. ಆದರೆ ಅಳುತ್ತಲೇ ಕೂಸಿಗೆ ಹಾಲೂಡಿಸಿದರು.

ಹಳೆಯ ಕಲ್ಲುಗಳು ಈಗ ಸರ್ಕಾರಕ್ಕೆ ಹೋಗಿವೆ. ಬೇಸರವೇ ಎಂದು ಬೈರಮ್ಮನನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಅವರಿಗಿರುವುದು ಒಂದೇ ಆಸೆ.

"ಆ ಬಟ್ಟಿನ ಮೇಲಿರೋ ಅಂಕಿ ಓದೋದು ಕಲೀಬೇಕು. ಮಗು ಬೆಳೆದದೆ ಅಂತ ತಾಯಿಗೆ ನಾನೇ ಹೇಳ್ಬೇಕು."