ಳ ಅಕ್ಷರದ ಸಾಲು

ಮದುವೆಗಳಲ್ಲಿ ಅಚ್ಚು ಹಾಕಿಸಿ ಹಂಚುವ ಶುಭಾಶಯದ ಪದ್ಯಗಳನ್ನು ನನ್ನ ಅಕ್ಕ ಬರೆದುಕೊಡುತ್ತಿದ್ದಳು. ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಮದುಮಕ್ಕಳ ಹೆಸರು ಬರಬೇಕು, ಅದು ಅವಳ ಹಟ. ಅಕ್ಷರ ಕೈಕೊಟ್ಟಾಗ ಪೆನ್ಸಿಲಿನ ತುದಿ ಕಚ್ಚುತ್ತ, "ಸಿಕ್ಕದೆ ಎಲ್ಲಿಗೆ ಹೋಗುದು?" ಎನ್ನುತ್ತಿದ್ದಳು.

ಈಶ್ವರಮಂಗಲದ ಮದುವೆಯೊಂದರಲ್ಲಿ ಹುಡುಗಿಯ ಹೆಸರು ಸರಳ. ಳ ಅಕ್ಷರದಿಂದ ಶುರುವಾಗುವ ಶಬ್ದ ಕನ್ನಡದಲ್ಲಿ ಎಲ್ಲಿದೆ? "ಹೆಸರು ಸರಳ, ಕಷ್ಟ ಎಷ್ಟು ಉಂಟು ನೋಡು!" ಎಂದು ನಕ್ಕಳು. ನಾಲ್ಕನೇ ದಿನ 'ಬೆಳಕು' ಎಂಬ ಶಬ್ದವನ್ನೇ ಒಡೆದಳು. 'ಬೆ' ಎರಡನೇ ಸಾಲಿನ ಕೊನೆಗೆ, 'ಳಕು' ಮೂರನೇ ಸಾಲಿನ ಮೊದಲಿಗೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪುತ್ತೂರಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಒಡೆದ ಶಬ್ದ ಕಂಡು, ಮೊದಲಕ್ಷರಗಳ ಲೆಕ್ಕ ಮರೆತು, ಅಕ್ಕನ ಕೈತಪ್ಪೆಂದು 'ಬೆ'ಯನ್ನು ಕೆಳಗಿಳಿಸಿ ಕೂಡಿಸಿಬಿಟ್ಟೆ.

ಮದುವೆ ಚಪ್ಪರದಲ್ಲಿ ಹುಡುಗನ ಸೋದರಮಾವ ಗಟ್ಟಿಯಾಗಿ ಓದಿದರು. "ಸ, ರ, ಬೆ. ಸರಬೆ! ಇದು ಯಾರು ಮಾರಾಯ್ರೆ? ನಾವು ಬರ್ಬೇಕಾದ ಮದುವೆ ಇದುವೇ ಅಲ್ವಾ?"

ಚಪ್ಪರವೆಲ್ಲ ನಕ್ಕಿತು. ಅಕ್ಕ ನನ್ನನ್ನು ಬದಿಗೆ ಕರೆದಳು.

"ನೀನು ಎಂತಾದ್ರೂ ಬದಲಿಸಿದ್ದಾ?"

"ಇಲ್ಲ ಅಕ್ಕ, ನೀನು ಬರೆದ ಹಾಗೇ ಇಟ್ಟದ್ದು."

ನಂಬಿದಳು. ನಕಲು ತೆಗೆಯುವಾಗ ತಾನೇ ತಪ್ಪಿದೆನೆಂದುಕೊಂಡಳು, ಆದರೆ ಬರೆಯುವುದನ್ನು ಬಿಡಲಿಲ್ಲ. ಆಮೇಲಿನ ಪ್ರತಿ ಪದ್ಯವನ್ನೂ ಮೊದಲು ನನ್ನ ಮುಂದಿಟ್ಟು, "ನಾನು ಎಲ್ಲಿಯಾದ್ರೂ ತಪ್ಪಿದ್ರೆ ಹೇಳು ಮಾರಾಯ" ಎನ್ನುತ್ತಿದ್ದಳು. ನಾನು ಸಾಲು ಸಾಲಿಗೂ ಬೆರಳಿಟ್ಟು ನೋಡಿ, ಅವಳ ತಪ್ಪೇನೂ ಇಲ್ಲವೆಂದು ಹೇಳುತ್ತಿದ್ದೆ.