ಡೆಲ್ಲಾ ಎಳೆದ ಸೀಮೆಸುಣ್ಣದ ಗೆರೆ

ಅರಿಜೋನಾದ ಮರಳುಗಾಡಿಗೆ ಚಳಿಗಾಲ ಕಳೆಯಲು ಬರುವ ಮನೆಗಾಡಿಯವರಲ್ಲಿ, ಅಂದರೆ ಬಸ್ಸಿನಂಥ ಗಾಡಿಯೊಳಗೇ ಮನೆ ಮಾಡಿಕೊಂಡು ತಿರುಗುವವರಲ್ಲಿ, ಒಂದು ಕಟ್ಟುಪಾಡಿದೆ. ಗಾಡಿಯ ಹಿಂದೆ ಕಾರು ಕಟ್ಟುತ್ತಿರುವವನನ್ನು ಯಾರೂ ಮಾತನಾಡಿಸಬಾರದು. ಕಾಲ ಬಳಿ ಹಾವು ಕಂಡರೆ ಹೇಳಬಹುದೇನೋ, ಅದೂ ಯೋಚಿಸಿ. ಇದನ್ನು ಡೆಲ್ಲಾ ಓಸ್ಟರ್‌ಗಾರ್ಡ್‌ಳಷ್ಟು ಪಾಲಿಸುವವರು ಆ ಬಿಡಾರದಲ್ಲಿ ಇನ್ನೊಬ್ಬರಿಲ್ಲ.

ಎಪ್ಪತ್ತೊಂದರ ಹೆಂಗಸು. ಮೂವತ್ತು ವರ್ಷ ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಗಂಡ ಲೀಲ್ಯಾಂಡ್ ತೀರಿಕೊಂಡ ಮೇಲೂ ಬಸ್ಸಿನಷ್ಟೇ ಉದ್ದದ ಮನೆಗಾಡಿಯನ್ನು ಒಬ್ಬಳೇ ಓಡಿಸುತ್ತಾಳೆ. ಅದರ ಹಿಂದೆ ಕಟ್ಟಿದ ಅವಳ ಕಾರು ನಾಲ್ಕೂ ಚಕ್ರ ಉರುಳಿಸಿಕೊಂಡು ಬರುತ್ತದೆ. ಒಳಗೆ ನರಪಿಳ್ಳೆ ಇರುವುದಿಲ್ಲ, ಸ್ಟಿಯರಿಂಗ್ ತಾನೇ ತಿರುಗುತ್ತದೆ. ವರ್ಷಗಟ್ಟಲೆ ಹಿಂಬದಿಯ ಕ್ಯಾಮೆರಾದಲ್ಲಿ ನೋಡಿದ್ದರೂ ತಿರುವು ಬಂದಾಗಲೆಲ್ಲ ಅವಳ ಮೈ ಜುಂ ಎನ್ನುತ್ತದೆ. ಹೇಗೆ ನಂಬಿಕೊಂಡು ಬರುತ್ತದಲ್ಲ ಎಂದು.

ಅವತ್ತು ಬೆಳಗ್ಗೆ ಹೊರಟವರು ಪಕ್ಕದ ಗಾಡಿಯ ರೂಬೆನ್ ಮತ್ತು ಮ್ಯಾಕ್ಸಿನ್. ಮದುವೆಯಾಗಿ ನಲವತ್ತು ವರ್ಷ, ಮನೆಗಾಡಿ ಕೊಂಡು ನಾಲ್ಕು ವಾರ. ಕಾರು ಹೊಸ ಹೈಬ್ರಿಡ್. ಹೈಬ್ರಿಡ್‌ಗಳಲ್ಲಿ ಎಷ್ಟನ್ನೋ ಹೀಗೆ ಎಳೆಯಲೇಬಾರದು, ಒಳಗಿನ ಯಂತ್ರ ಕೆಟ್ಟುಹೋಗುತ್ತದೆ. ಇದನ್ನು ಎಳೆಯಬಹುದು ಎಂದು ಕಾರಿನ ಪುಸ್ತಕದಲ್ಲೇ ಇತ್ತು. ಡೆಲ್ಲಾ ಎರಡು ಸಲ ಓದಿಸಿ ಕೇಳಿದ್ದಳು. ಆದರೆ ಅದಕ್ಕೊಂದು ಕ್ರಮವಿದೆ. ಪರದೆಯ ಮೇಲೆ ಒಂದಾದ ಮೇಲೊಂದು ಒತ್ತಿ ಗೇರನ್ನು ನ್ಯೂಟ್ರಲ್‌ನಲ್ಲೇ ಉಳಿಸಬೇಕು. ಒಂದು ತಪ್ಪಿದರೂ, ಕಾರು ಆರಿಸಿದ ಕೂಡಲೇ ಮುಂದಿನ ಚಕ್ರಗಳು ಉರುಳದಂತೆ ಕಚ್ಚಿಕೊಳ್ಳುತ್ತವೆ. ಮುಂದಿರುವುದು ಆರು ಮೈಲಿ ಇಳಿಜಾರು. ಅಲ್ಲಿ ಉಜ್ಜಿ ಉಜ್ಜಿ ಟೈರು ಸಿಡಿದರೆ ಕಾರಿನ ಜೊತೆ ಇವರ ಗತಿಯೂ ಅಷ್ಟೇ.

ರೂಬೆನ್ ಗಾಡಿಗೆ ಕಟ್ಟಿದ ಕಾರಿನಲ್ಲಿ ಕೂತು ಪರದೆ ಒತ್ತುತ್ತಿದ್ದ. ಮ್ಯಾಕ್ಸಿನ್ ಮನೆಗಾಡಿಯ ಬಾಗಿಲಿಂದ ಇಣುಕಿ, "ಕಾಫಿ ಫ್ಲಾಸ್ಕಿಗೆ ಹಾಕ್ಲಾ, ಇಲ್ಲೇ ಕುಡೀತೀಯಾ?" ಅಂದಳು.

"ಫ್ಲಾಸ್ಕಿಗೇ ಹಾಕು," ಅಂದ ಅವನು.

ಡೆಲ್ಲಾ ಕೇಳಿಸಿಕೊಂಡಳು. ಕಟ್ಟುತ್ತಿರುವವನನ್ನು ತಾನೂ ಮಾತನಾಡಿಸುವಂತಿಲ್ಲ. ಯಾರೇ ಹೊರಟರೂ ಮಾಡುವಂತೆ, ಜೇಬಿನಿಂದ ಸೀಮೆಸುಣ್ಣ ತೆಗೆದು ಕಾರಿನ ನಾಲ್ಕೂ ಟೈರಿನ ನೆತ್ತಿಗೆ ಒಂದೊಂದು ಗೆರೆ ಎಳೆದು ಪಕ್ಕಕ್ಕೆ ನಿಂತಳು. ರೂಬೆನ್ ಕಾರು ಆರಿಸಿ ಹೋಗಿ ಮನೆಗಾಡಿಯನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟ. ಹಿಂದಿನ ಎರಡು ಗೆರೆ ಉರುಳಿದವು. ಮುಂದಿನವು ನೆತ್ತಿಯಲ್ಲೇ ಉಳಿದವು, ಟೈರುಗಳು ಜಲ್ಲಿಯನ್ನು ಗೀಚುತ್ತ ಹೋದವು. ನಿಲ್ಲಿಸು ಎಂದು ಅವಳು ಎರಡೂ ಕೈ ಎತ್ತಿದಳು.

"ಪುಸ್ತಕದಲ್ಲಿದ್ದ ಹಾಗೇ ಮಾಡಿದೀನಿ ಕಣ್ರೀ," ಎಂದು ರೇಗುತ್ತಲೇ ಇಳಿದು ಬಂದ ರೂಬೆನ್. ಪರದೆ ನೋಡಿ ತಣ್ಣಗಾದ. ಕೊನೆಯದೊಂದನ್ನು ಒತ್ತಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ.

ಮ್ಯಾಕ್ಸಿನ್ ಬಾಗಿಲಿಂದ ಇಳಿದು ಓಡಿ ಬಂದಳು. "ನಾನೇ ಮಾತಾಡ್ಸಿದ್ದು, ಡೆಲ್ಲಾ. ಹಾಳು ಕಾಫಿ."

ಡೆಲ್ಲಾ ಅವಳನ್ನು ಅಷ್ಟು ದೂರ ಕರೆದೊಯ್ದಳು. "ಒಂದಿನ ಲೀಲ್ಯಾಂಡ್ ಹೀಗೇ ಕಾರು ಕಟ್ತಿದ್ದಾಗ ನಾನು ಮೊಟ್ಟೆ ಒಂದಾ ಎರಡಾ ಅಂತ ಕೇಳಿದ್ದೆ. ಎರಡು ಅಂದ. ಕಾರನ್ನ ಗಾಡಿಗೆ ಸೇರ್ಸೋ ಪಿನ್ನಿಗೆ ಕೊಕ್ಕೆ ಸಿಗ್ಸೋದು, ಸರಪಳಿ ಹಾಕೋದು ಎರಡೂ ಬಿಟ್ಟ. ತಿರುವಲ್ಲಿ ಕಾರು ಕಳಚ್ಕೊಳ್ತು. ಕಳಚಿದ್ರೆ ಬ್ರೇಕ್ ಹಿಡಿಸೋ ಒಂದು ತಂತಿ ಇರುತ್ತಲ್ಲ, ಅದೊಂದು ಕೈ ಬಿಡ್ಲಿಲ್ಲ. ಪಕ್ಕದ ಹಳ್ಳಕ್ಕೆ ಇಳಿದು ನಿಂತ್ಕೊಳ್ತು. ಎದುರಿಗೆ ಬರ್ತಿದ್ದ ವ್ಯಾನಲ್ಲಿ ಮೂರು ಮಕ್ಳಿದ್ವು."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಬಿಡಾರದೋರೆಲ್ಲ ಆಡ್ಕೊಂಡು ನಗೋರು. ಅವನು ಮಾತ್ರ 'ನಾನೇ ಮರೆತೆ' ಅನ್ನೋನು. ಮೊಟ್ಟೆ ವಿಷಯ ಒಬ್ರ ಹತ್ರಾನೂ ಎತ್ಲಿಲ್ಲ, ನನ್ನ ಹತ್ರಾನೂ. ಅಂಥಾ ಮನುಷ್ಯನ ಜೊತೆ ಬಾಳಿದೀನಾ ಅಂತ ಈಗ್ಲೂ ನಂಬಕ್ಕಾಗಲ್ಲ ಕಣೇ."

ಗಾಡಿ ಮತ್ತೆ ಸರಿಯಿತು. ಈ ಸಲ ನಾಲ್ಕೂ ಬಿಳಿ ಗೆರೆಗಳು ಒಟ್ಟಿಗೆ ಇಳಿದು ಒಟ್ಟಿಗೆ ಏರಿದವು. ಡೆಲ್ಲಾ ತಲೆಯಾಡಿಸಿದಳು.

ಜಲ್ಲಿಯ ಸದ್ದಿಗೆ ಆಚೆ ಸಾಲಿನವರು ಕುರ್ಚಿ ಬಿಟ್ಟು ಬಂದಿದ್ದರು. "ಏನೋ ರೂಬೆನ್, ಹೊಲ ಉಳ್ತಿದ್ಯಾ?" ಒಬ್ಬ ಕೂಗಿದ. ಉಳಿದವರು ನಕ್ಕರು.

ಮ್ಯಾಕ್ಸಿನ್ ಬಾಯಿ ತೆರೆದಳು. ಅಷ್ಟರಲ್ಲಿ ರೂಬೆನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಾನೇ ಮರೆತೆ ಕಣಯ್ಯಾ."

ಡೆಲ್ಲಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮ್ಯಾಕ್ಸಿನ್‌ಳ ಅಂಗೈಗಿಟ್ಟು, ಮುಖ ಕಾಣದಂತೆ ಬೇರೆ ಕಡೆ ತಿರುಗಿ ನಿಂತಳು.